ಕೊಡುವ ಹಣ್ಣು ಸಿಹಿಯಿರಲಿ



ಯಾರ ಮನೆಗೆ ಹೋದರೂ ಬರಿಗೈಯಲ್ಲಿ ಹೋಗಬಾರದು. ನಮ್ಮ ಕಡೆ ಹಿರಿಯರು ಮಕ್ಕಳಿಗೆ ಮೊದಮೊದಲು ಹೇಳಿಕೊಡುವ ಮಾತುಗಳಲ್ಲಿ ಇದೂ ಒಂದು. ನೆಂಟರ ಮನೆಗೆ ಹೋಗಲಿ, ಕಾಯಿಲೆಯವರನ್ನು ನೋಡಲು ಹೋಗಲಿ, ಹೆಣ್ಣು ನೋಡಲು ಹೋಗಲಿ, ಕೈಯಲ್ಲಿ ಏನಾದರೂ ಇರಬೇಕು. ಬಹಳ ಸಲ ಅದು ಹಣ್ಣೇ. ಕಾರ್ತಿಕ ಕಳೆದು ಮಾರ್ಗಶಿರ, ಪುಷ್ಯ ಬಂದವೆಂದರೆ ಕಿತ್ತಳೆ ಹಣ್ಣು.

ಇವತ್ತಿನ ನನ್ನ ಮಾತು ಪೂರ್ತಿ ಈ ಕಿತ್ತಳೆಯ ಬಗ್ಗೆಯೇ. ಅದರಲ್ಲೂ ಇನ್ನೊಬ್ಬರಿಗೆ ಕೊಡುವುದಕ್ಕೆಂದು ನಾವು ಕೊಳ್ಳುವ ಕಿತ್ತಳೆಯ ಬಗ್ಗೆ.

ಒಂದು ಸಂಗತಿ ಯೋಚಿಸಿ ನೋಡಿ. ನಾವೇ ತಿನ್ನಲು ತಂದ ಹಣ್ಣು ಹುಳಿಯಾಗಿದ್ದರೆ ಮುಂದಿನ ಸಲ ಆ ಹಣ್ಣನ್ನು ಕೊಳ್ಳುವುದಿಲ್ಲ. ಅಂಗಡಿಯವರಿಗೂ ಒಂದು ಮಾತು ಹೇಳಿಬರುತ್ತೇವೆ. ಆದರೆ ಕೊಟ್ಟ ಹಣ್ಣು ಹುಳಿಯಾಗಿದ್ದರೆ? ತೆಗೆದುಕೊಂಡವರು ನಮಗೆ ಹೇಳುವುದಿಲ್ಲ. ಹೇಳಬಾರದು ಕೂಡ. ಅದು ಮರ್ಯಾದೆ. ಹೀಗಾಗಿ ಕೊಟ್ಟವರಿಗೆ ವಿಷಯ ಗೊತ್ತೇ ಆಗುವುದಿಲ್ಲ. ಮುಂದಿನ ಸಲವೂ ಅದೇ ಹಣ್ಣು. ಕೊಳ್ಳುವವರು ನಾಲಿಗೆಗೆ ಹಾಕಿ ನೋಡದ ಹಣ್ಣನ್ನು ಕಣ್ಣಿನಿಂದಲೇ ಆರಿಸುತ್ತಾರೆ. ಮಾರುಕಟ್ಟೆ ಅದನ್ನು ಚೆನ್ನಾಗಿ ಅರಿತಿದೆ. ಕಣ್ಣಿಗೆ ಬೇಕಾದದ್ದನ್ನು ಮುಂದೆ ಜೋಡಿಸುತ್ತದೆ. ಸಿಹಿಯಾದ, ಆದರೆ ಮಾಸಲು ಬಣ್ಣದ ಹಣ್ಣು ಬುಟ್ಟಿಯ ತಳಕ್ಕೆ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಸಂತೆಯಿಂದಲೇ ಮರೆಯಾಗುತ್ತದೆ. ಇದು ನನಗೆ ನಿಜವಾಗಿ ಬೇಸರ ತರುವ ವಿಷಯ. ಅದಕ್ಕೇ ಇಂದು ನಿಮ್ಮ ಮುಂದೆ ಬಂದಿದ್ದೇನೆ.

ಮೊದಲು ನಮ್ಮ ಚಾಮರಾಜನಗರ ಜಿಲ್ಲೆಯ ವಾಡಿಕೆ ನೋಡೋಣ. ಹಣ್ಣು ಕೊಡುವುದು ನಮಗೆ ಹೊಸದಲ್ಲ. ಚಾಮರಾಜನಗರದ ಚಾಮರಾಜೇಶ್ವರನ ತೇರನ್ನು ಆಷಾಢದಲ್ಲಿ ಎಳೆಯುತ್ತಾರೆ. ಬೇರೆ ಕಡೆ ಆಷಾಢ ಬಂತೆಂದರೆ ಹೊಸದಾಗಿ ಮದುವೆಯಾದ ಮಗಳನ್ನು ತವರಿಗೆ ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಹೊಸ ಜೋಡಿಗಳು ಒಟ್ಟಾಗಿ ಬಂದು ನಿಂತು ತೇರಿಗೆ ಹಣ್ಣು ಜವನ ಎಸೆಯುತ್ತಾರೆ. ಅಲ್ಲಿ ಎಸೆಯುವುದು ಬಾಳೆಹಣ್ಣು. ದೇವರ ಗುಡಿಗೆ, ಮಠಕ್ಕೆ, ಊರ ಹಿರಿಯರ ಬಳಿಗೆ ಹೋಗುವಾಗ ಹಿಡಿಯುವುದು ನಿಂಬೆಹಣ್ಣು. ನಿಂಬೆ ಏಕೆ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅದು ಮುಷ್ಟಿಯಲ್ಲಿ ಹಿಡಿಸುತ್ತದೆ. ವಾರಗಟ್ಟಲೆ ಕೆಡುವುದಿಲ್ಲ. ಬಡವರ ಕೈಗೂ ಎಟಕುತ್ತದೆ. ದೊಡ್ಡ ಬುಟ್ಟಿ ತಂದವರ ಪಕ್ಕದಲ್ಲಿ ಒಂದೇ ಒಂದು ನಿಂಬೆಹಣ್ಣು ಹಿಡಿದು ನಿಂತವರೂ ತಲೆ ತಗ್ಗಿಸಬೇಕಾಗಿಲ್ಲ.

ನಿಂಬೆ ಮತ್ತು ಕಿತ್ತಳೆ ಒಂದೇ ಕುಲದವು. ಚಕ್ಕೋತ, ಮಾದಲ, ಹೇರಳೆ, ಮೂಸಂಬಿ, ಎಲ್ಲವೂ ಅದೇ ಬಳಗ. ಈ ಬಳಗದ ಹುಟ್ಟೂರು ಹಿಮಾಲಯದ ಪೂರ್ವದ ತಪ್ಪಲು ಎನ್ನುತ್ತಾರೆ ವಿಜ್ಞಾನಿಗಳು. ಅಂದರೆ ಅಸ್ಸಾಂ, ಬರ್ಮಾದ ಉತ್ತರ ಭಾಗ, ಚೀನಾದ ಯುನ್ನಾನ್ ಸೇರುವ ಸೀಮೆ. 2018ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಈ ಹಣ್ಣುಗಳ ವಂಶವನ್ನು ಬಿಡಿಸಿ ತೋರಿಸಿತು. ಕಿತ್ತಳೆ, ಚಕ್ಕೋತ, ಮಾದಲ, ಈ ಮೂರು ಮೂಲದವು. ನಿಂಬೆಗೆ ಮಾದಲದ ರಕ್ತವಿದೆ. ಮೂಸಂಬಿಯ ಬಂಧುಗಳೆಲ್ಲ ಚಕ್ಕೋತ ಮತ್ತು ಕಿತ್ತಳೆ ಕೂಡಿ ಹುಟ್ಟಿದವು. ಕೊಲ್ಹಾಪುರದ ಮಹಾಲಕ್ಷ್ಮಿ ಕೈಯಲ್ಲಿ ಹಿಡಿದಿರುವ ಹಣ್ಣು ಈ ಮಾದಲವೇ. ಈ ಬಳಗದ ಹಣ್ಣಿಗೂ ಕೊಡುವ ಕೈಗೂ ಇರುವ ನಂಟು ಬಹಳ ಹಳೆಯದು. ನಮ್ಮಲ್ಲಷ್ಟೇ ಅಲ್ಲ. ಸಿಂಗಪುರ, ಮಲೇಷ್ಯಾಗಳ ಚೀನೀ ಮನೆತನಗಳಲ್ಲಿ ಹೊಸ ವರ್ಷದ ದಿನ ನೆಂಟರ ಮನೆಗೆ ಜೋಡಿ ಕಿತ್ತಳೆ ಹಿಡಿದು ಹೋಗುವುದು ಇಂದಿಗೂ ನಡೆಯುತ್ತದೆ.

ಹಣ್ಣು ಹಿಡಿದು ಹೋಗುವುದು ನಮ್ಮ ಹಳೆಯ ವಾಡಿಕೆ ಎಂದೆ. ಈಗ ಆ ಹಣ್ಣು ನಮ್ಮಲ್ಲಿಗೆ ಎಲ್ಲಿಂದ ಬರುತ್ತದೆ ಎಂದು ನೋಡೋಣ.

ನಮ್ಮ ಗುಂಡ್ಲುಪೇಟೆ ಒಂದು ಕವಲುದಾರಿ. ಉತ್ತರಕ್ಕೆ ಮೈಸೂರು, ಸುಮಾರು 60 ಕಿಲೋಮೀಟರು. ದಕ್ಷಿಣಕ್ಕೆ ಬಂಡೀಪುರ ದಾಟಿ ಊಟಿ. ಪಶ್ಚಿಮಕ್ಕೆ ಕಾಡು ದಾಟಿ ವಯನಾಡಿನ ಸುಲ್ತಾನ್ ಬತ್ತೇರಿ. ಪೂರ್ವಕ್ಕೆ ತೆರಕಣಾಂಬಿಯ ಮೇಲೆ ಚಾಮರಾಜನಗರ. ನಮ್ಮ ಟೊಮೆಟೊ, ಈರುಳ್ಳಿ, ಕೋಸು, ಅರಿಸಿನ, ಚೆಂಡುಹೂವು ಈ ದಾರಿಗಳಲ್ಲಿ ಹೊರಗೆ ಹೋಗುತ್ತವೆ. ಹೊರಗಿನ ಹಣ್ಣು ಇದೇ ದಾರಿಗಳಲ್ಲಿ ಒಳಗೆ ಬರುತ್ತದೆ. 2009ರಿಂದ ಕಾಡಿನ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಕಾಡುಪ್ರಾಣಿಗಳಿಗೆ ಅದು ಬೇಕಾದದ್ದೇ. ಸರಕಿನ ಗಾಡಿಗಳು ಹೊತ್ತು ನೋಡಿಕೊಂಡು ಓಡುತ್ತವೆ.

ಮೂರು ನಾಲ್ಕು ಬಗೆಯ ಹಣ್ಣು ಬರುತ್ತವೆ. ಕೊಡಗಿನ ಕಿತ್ತಳೆ, ಅದೇ ಜಾತಿಯ ವಯನಾಡಿನ ಕಿತ್ತಳೆ. ಇವು ಕಾಫಿ ತೋಟದ ನೆರಳಿನಲ್ಲಿ ಬೆಳೆದವು. ಚಳಿಗಾಲದ್ದು ದೊಡ್ಡ ಫಸಲು. ಮಳೆಗಾಲದಲ್ಲಿ ಒಂದು ಚಿಕ್ಕ ಫಸಲು. ಆಮೇಲೆ ನಾಗಪುರದ ಕಿತ್ತಳೆ. ಅದಕ್ಕೂ ಎರಡು ಫಸಲು. ಒಂದು ನವೆಂಬರ್, ಡಿಸೆಂಬರ್ ಹೊತ್ತಿಗೆ. ಇನ್ನೊಂದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಮೂರನೆಯದು ಪಂಜಾಬ್ ಕಡೆಯಿಂದ ಬರುವ ಕಿನ್ನೋ. ಅದು ಜನವರಿಯಿಂದ ಹೆಚ್ಚು. ಕಿನ್ನೋ ನಮ್ಮ ದೇಶದ ಹಳೆಯ ತಳಿಯಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಎರಡು ತಳಿಗಳನ್ನು ಕೂಡಿಸಿ ಮಾಡಿ, 1935ರಲ್ಲಿ ಬಿಡುಗಡೆ ಮಾಡಿದ್ದು. ಮೂಸಂಬಿ ಆಂಧ್ರ, ತೆಲಂಗಾಣ, ಮಹಾರಾಷ್ಟ್ರಗಳಿಂದ ವರ್ಷದ ಬಹುಭಾಗ ಬರುತ್ತಲೇ ಇರುತ್ತದೆ.

ಈಗ ಈ ಹಣ್ಣುಗಳೆಲ್ಲ ಒಂದೇ ಗಾಡಿಯ ಮೇಲಿವೆ ಎಂದುಕೊಳ್ಳಿ. ನೀವು ಎದುರಿಗೆ ನಿಂತಿದ್ದೀರಿ. ಕಿನ್ನೋ ಕಡು ಕಿತ್ತಳೆ ಬಣ್ಣ. ಮೇಣ ಸವರಿರುವುದರಿಂದ ಮಿರಿಮಿರಿ ಮಿಂಚುತ್ತದೆ. ನಾಗಪುರದ್ದು ಹೊಂಬಣ್ಣ, ಸಿಪ್ಪೆ ಸ್ವಲ್ಪ ಸಡಿಲ. ಕೊಡಗಿನದು ಹಸಿರು ಬೆರೆತ ಹಳದಿ. ಸಿಪ್ಪೆ ಬಿಗಿ. ಅಲ್ಲಲ್ಲಿ ಕಂದು ಗೀರುಗಳೂ ಇರಬಹುದು. ಕಣ್ಣು ಯಾವುದನ್ನು ಆರಿಸುತ್ತದೆ? ಹೇಳಬೇಕಾಗಿಲ್ಲ.

ಇಲ್ಲಿಗೆ ಬಂದ ಮೇಲೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇವತ್ತಿನ ಮುಖ್ಯ ವಿಷಯ ಇದೇ.

ಕಿತ್ತಳೆಯ ಸಿಪ್ಪೆಯ ಬಣ್ಣಕ್ಕೂ ಒಳಗಿನ ಸಿಹಿಗೂ ನಾವು ಅಂದುಕೊಂಡಷ್ಟು ಸಂಬಂಧವಿಲ್ಲ. ಕಾಯಿಯ ಸಿಪ್ಪೆಯಲ್ಲಿ ಎಲೆಯಲ್ಲಿರುವ ಹಸಿರೇ ಇರುತ್ತದೆ. ಅದು ಹೋಗಿ ಹೊಂಬಣ್ಣ ಬರಬೇಕಾದರೆ ರಾತ್ರಿಗಳು ತಣ್ಣಗಿರಬೇಕು. ಪಂಜಾಬಿನಲ್ಲಿ ಕೊರೆಯುವ ಚಳಿ. ಅಲ್ಲಿ ಸಿಪ್ಪೆ ಪೂರ್ತಿ ಬಣ್ಣ ತಿರುಗುತ್ತದೆ. ನಮ್ಮ ದಕ್ಷಿಣದಲ್ಲಿ ರಾತ್ರಿಗಳು ಅಷ್ಟು ತಣ್ಣಗಾಗುವುದಿಲ್ಲ. ಹಣ್ಣು ಒಳಗೆ ಪೂರ್ತಿ ಮಾಗಿರುತ್ತದೆ, ಹೊರಗೆ ಹಸಿರು ಉಳಿದಿರುತ್ತದೆ. ಆ ಹಸಿರು ನೋಡಿ ನಾವು ಕಾಯಿ ಎಂದು ಬಿಟ್ಟುಬಿಡುತ್ತೇವೆ.

ಎರಡನೆಯ ಮಾತು. ಬಾಳೆ, ಮಾವು, ಸಪೋಟ ಕಿತ್ತ ಮೇಲೆಯೂ ಮನೆಯಲ್ಲಿ ಹಣ್ಣಾಗುತ್ತವೆ. ನಮ್ಮ ನಂಜನಗೂಡಿನ ರಸಬಾಳೆಯನ್ನು ಗೊನೆಯಾಗಿ ತಂದು ಹಣ್ಣು ಮಾಡುತ್ತೇವೆ. ಕಿತ್ತಳೆ ಹಾಗಲ್ಲ. ಮರದಿಂದ ಕಿತ್ತ ದಿನ ಎಷ್ಟು ಸಿಹಿ ಇತ್ತೋ ಅಷ್ಟೇ. ಮನೆಯಲ್ಲಿ ಎಷ್ಟು ದಿನ ಇಟ್ಟರೂ ಸಕ್ಕರೆ ಕೂಡುವುದಿಲ್ಲ. ಎಥಿಲೀನ್ ಅನಿಲದ ಕೋಣೆಯಲ್ಲಿ ಇಟ್ಟು ಸಿಪ್ಪೆಯ ಹಸಿರು ತೆಗೆಯಬಹುದು. ಅದರಿಂದ ಬಣ್ಣ ಬದಲಾಗುತ್ತದೆ, ರುಚಿ ಬದಲಾಗುವುದಿಲ್ಲ. ಬೇಗ ಕಿತ್ತು ಬಣ್ಣ ಬರಿಸಿದ ಹುಳಿ ಹಣ್ಣು ಇರಬಹುದು. ತಡವಾಗಿ ಕಿತ್ತ ಹಸಿರು ಸಿಪ್ಪೆಯ ಸಿಹಿ ಹಣ್ಣೂ ಇರಬಹುದು.

ಹಾಗಾದರೆ ಗುರುತು ಏನು?

ಮೊದಲ ಗುರುತು ತೂಕ. ಒಂದೇ ಗಾತ್ರದ ಎರಡು ಹಣ್ಣು ತೆಗೆದುಕೊಳ್ಳಿ. ಎಡಗೈಗೆ ಒಂದು, ಬಲಗೈಗೆ ಒಂದು. ಬೇಕಾದರೆ ಕಣ್ಣು ಮುಚ್ಚಿಕೊಳ್ಳಿ. ಯಾವುದು ಭಾರವೋ ಅದರಲ್ಲಿ ರಸ ಹೆಚ್ಚು. ದೊಡ್ಡ ಹಣ್ಣು ನೋಡಿ ಮರುಳಾಗಬೇಡಿ. ಗಾತ್ರ ದೊಡ್ಡದಾಗಿ ಕೈಗೆ ಹಗುರವಾಗಿದ್ದರೆ ಒಳಗೆ ತೊಳೆ ಒಣಗಿರುತ್ತದೆ. ಮರದಲ್ಲೇ ಹೆಚ್ಚು ದಿನ ಉಳಿದ ಹಣ್ಣಿಗೂ ಹೀಗಾಗುವುದುಂಟು. ಸುಲಿದರೆ ತೊಳೆಯ ಒಳಗಿನ ರಸದ ಗುಳಿಗೆಗಳು ತಂಗಳನ್ನದ ಅಗುಳಿನಂತೆ ಬಿಡಿಬಿಡಿಯಾಗಿ ಒಣಗಿ ಕೂತಿರುತ್ತವೆ. ಅಂಥದ್ದನ್ನು ಮಗುವಿನ ಕೈಗೆ ಕೊಟ್ಟರೆ ಮಗು ಕಿತ್ತಳೆಯನ್ನೇ ಬೇಡ ಎನ್ನುತ್ತದೆ.

ಎರಡನೆಯದು ಸಿಪ್ಪೆ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಸಿಪ್ಪೆ ಕುಸಿದು ಒಳಗೆ ಪೊಳ್ಳು ಸಿಕ್ಕಿದರೆ ಬಿಡಿ. ನಾಗಪುರದ ಹಣ್ಣಿನ ಸಿಪ್ಪೆ ಸ್ವಭಾವತಃ ಸಡಿಲ. ಅದರಲ್ಲಿಯೂ ಸ್ವಲ್ಪ ಸಡಿಲಕ್ಕೂ ಪೂರ್ತಿ ಪೊಳ್ಳಿಗೂ ವ್ಯತ್ಯಾಸವಿದೆ. ಬೆರಳಿಗೆ ಎರಡು ಮೂರು ಸಲಕ್ಕೆ ತಿಳಿದುಬಿಡುತ್ತದೆ. ಮೆತ್ತಗಾದ, ನೀರು ಜಿನುಗುವ ಕಲೆಯಿದ್ದರೆ ಬೇಡ. ಒಣ ಗೀರು, ಕಂದು ಚುಕ್ಕೆ ಇದ್ದರೆ ಪರವಾಗಿಲ್ಲ. ಗಾಳಿಗೆ ರೆಂಬೆ ತಾಗಿ ಆದ ಗಾಯ ಅದು. ರುಚಿಗೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯದು ವಾಸನೆ. ತೊಟ್ಟಿನ ಕಡೆ ಮೂಸಿ ನೋಡಿ. ತಾಜಾ ಹಣ್ಣಿಗೆ ಕಿತ್ತಳೆಯದೇ ಘಮ ಇರುತ್ತದೆ. ಹೆಚ್ಚು ದಿನದ ಹಣ್ಣಿಗೆ ಹೆಂಡದಂಥ ಹುಳಿತ ನಾತ ಬರುತ್ತದೆ.

ಇವೆಲ್ಲವೂ ಅಂದಾಜು. ತಪ್ಪದ ದಾರಿ ಒಂದೇ. ಕೊಡಲು ಎಷ್ಟು ಬೇಕೋ ಅದಕ್ಕಿಂತ ಒಂದು ಹಣ್ಣು ಹೆಚ್ಚು ಕೊಳ್ಳಿ. ಕೊಂಡ ರಾಶಿಯಿಂದಲೇ ಒಂದನ್ನು ಅಲ್ಲೇ ನಿಂತು ಸುಲಿದು ತಿನ್ನಿ. ಎರಡು ತೊಳೆ ಸಾಕು. ಗಾಡಿಯವರು ಬೇಡ ಎನ್ನುವುದಿಲ್ಲ. ನಮ್ಮ ಕಡೆಯವರು ತಾವೇ ಕರೆದು ಹೇಳುತ್ತಾರೆ, “ಸಕ್ಕರೆ ಕನಣ್ಣ, ಒಂದ್ ತಿಂದ್ ನೋಡಿ ತಕ್ಕೊ.” ಹಾಗೆ ಹೇಳಿದಾಗ ನಾಚಿಕೊಂಡು “ಬೇಡ ಬಿಡಿ” ಎನ್ನಬೇಡಿ. ತಿಂದು ನೋಡಿ. ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಮಾತ್ರ ತಿನ್ನಬೇಡಿ. ಟೂತ್‌ಪೇಸ್ಟಿನ ನೊರೆಯ ವಸ್ತು ಸ್ವಲ್ಪ ಹೊತ್ತು ನಾಲಿಗೆಯ ಸಿಹಿಯನ್ನು ಮಂಕು ಮಾಡುತ್ತದೆ. ಒಳ್ಳೆಯ ಹಣ್ಣೂ ಕಹಿ ಎನಿಸುತ್ತದೆ.

ಮಾರುವವರ ಮಾತು ಬಂತು. ಇಲ್ಲಿ ಒಬ್ಬರನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ದಕ್ಷಿಣ ಕನ್ನಡದ ಹರೇಕಳ ಹಾಜಬ್ಬನವರು. ಮಂಗಳೂರಿನ ಬೀದಿಗಳಲ್ಲಿ ಬುಟ್ಟಿ ಹಿಡಿದು ಕಿತ್ತಳೆ ಮಾರಿದವರು. ಶಾಲೆಗೆ ಹೋದವರಲ್ಲ. ಒಮ್ಮೆ ಹೊರದೇಶದವರು ಬಂದು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಹಾಜಬ್ಬನವರಿಗೆ ಉತ್ತರ ಹೇಳಲಾಗಲಿಲ್ಲ. ತನಗಾದದ್ದು ತನ್ನೂರಿನ ಮಕ್ಕಳಿಗೆ ಆಗಬಾರದು ಎಂದುಕೊಂಡರು. ಕಿತ್ತಳೆ ಮಾರಿದ ದುಡ್ಡಿನಲ್ಲಿ ಉಳಿಸಿ, ಜನರನ್ನು, ಕಚೇರಿಗಳನ್ನು ಅಲೆದು, ನ್ಯೂಪಡ್ಪು ಎಂಬ ತಮ್ಮ ಊರಿಗೆ ಶಾಲೆ ತಂದರು. 2000ದ ಹೊತ್ತಿಗೆ ಅಲ್ಲಿ ಪಾಠ ಆರಂಭವಾಯಿತು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಒಂದು ಊರಿನ ಮಕ್ಕಳಿಗೆ ಕಿತ್ತಳೆ ಬುಟ್ಟಿಯಿಂದ ಬಂದ ಕೊಡುಗೆ ಅದು. ಬಿಸಿಲಿನಲ್ಲಿ ಗಾಡಿ ನೂಕುವವರೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವಾಗ ನನಗೆ ಅವರ ನೆನಪಾಗುತ್ತದೆ.

ಬಣ್ಣ ಬಿಟ್ಟು ತೂಕ ನೋಡಬೇಕು, ತಿಂದು ನೋಡಬೇಕು ಎಂದು ಹೇಳಿದೆ. ಇನ್ನು ಬುಟ್ಟಿಯ ತಳಕ್ಕೆ ಹೋದ ಆ ಹಸಿರು ಹಳದಿ ಹಣ್ಣಿನ ಕಥೆ.

ಕೊಡಗಿನ ಕಿತ್ತಳೆಯನ್ನು ತಿಂದವರಿಗೆ ಅದರ ರುಚಿ ವಿವರಿಸಬೇಕಾಗಿಲ್ಲ. ತಿನ್ನದವರಿಗೆ ಹೀಗೆ ಹೇಳಬಹುದು. ಮೊದಲು ನಾಲಿಗೆಗೆ ಸಿಹಿ. ಅದರ ಬೆನ್ನಿಗೇ ಒಂದು ಚುರುಕಾದ ಹುಳಿ. ಎರಡೂ ಸೇರಿ ಬಾಯಲ್ಲಿ ಉಳಿಯುತ್ತವೆ. ಬರೀ ಸಿಹಿಯ ಹಣ್ಣು ಎರಡು ತಿಂದರೆ ಸಾಕೆನಿಸುತ್ತದೆ. ಇದು ಹಾಗಲ್ಲ, ಇನ್ನೊಂದು ಬೇಕೆನಿಸುತ್ತದೆ. ಬೀಜ ಇದೆ, ಒಪ್ಪುತ್ತೇನೆ. ಆದರೆ ನಾಗಪುರದ ಹಣ್ಣಿಗಿಂತ ಹೆಚ್ಚು ದಿನ ಕೆಡದೆ ಉಳಿಯುತ್ತದೆ. ಸಿಪ್ಪೆ ಬಿಗಿ ಇರುವುದರಿಂದ ಬಸ್ಸಿನಲ್ಲಿ ಚೀಲದೊಳಗೆ ಕುಲುಕಿದರೂ ಬೇಗ ನಜ್ಜುಗುಜ್ಜಾಗುವುದಿಲ್ಲ. ದೂರದ ನೆಂಟರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯ ಹಣ್ಣು ನನಗೆ ಗೊತ್ತಿಲ್ಲ. ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ದೇವನಹಳ್ಳಿಯ ಚಕ್ಕೋತಕ್ಕೆ ಸಿಕ್ಕಿರುವಂಥದ್ದೇ.

ಹಾಗಿದ್ದೂ ಅದು ಅಪರೂಪವಾಯಿತು. ಒಂದು ಕಾಲಕ್ಕೆ ಕೊಡಗಿನ ಕಾಫಿ ತೋಟಗಳ ತುಂಬ ಕಿತ್ತಳೆ ಮರಗಳಿದ್ದವು. ಮೈಸೂರಿನ ಮಾರುಕಟ್ಟೆಗೆ ರಾಶಿರಾಶಿ ಬರುತ್ತಿತ್ತು. ಆಮೇಲೆ ಮರಗಳು ತುದಿಯಿಂದ ಒಣಗತೊಡಗಿದವು. ಕಾರಣ ಒಂದೇ ಅಲ್ಲ. ಬೇರು ಕೊಳೆಯುವ ರೋಗ ಒಂದು. ಗಿಡಹೇನು ಹರಡುವ ಟ್ರಿಸ್ಟೆಜಾ ಎಂಬ ವೈರಸ್ ಇನ್ನೊಂದು. ಎಲ್ಲಕ್ಕಿಂತ ಕೆಟ್ಟದ್ದು ಗ್ರೀನಿಂಗ್ ರೋಗ. ಸಿಲ್ಲಾ ಎಂಬ ಸಣ್ಣ ಕೀಟ ಎಲೆಯ ರಸ ಹೀರುತ್ತದೆ. ಹೀರುವಾಗ ರೋಗದ ಬ್ಯಾಕ್ಟೀರಿಯಾವನ್ನು ಮರಕ್ಕೆ ದಾಟಿಸುತ್ತದೆ. ಎಲೆಯ ಮೇಲೆ ಹಳದಿ ಮಚ್ಚೆ ಏಳುತ್ತದೆ. ಕಾಯಿ ಸಣ್ಣದಾಗಿ, ಒಂದು ಮಗ್ಗುಲಿಗೆ ವಾಲಿ, ಕಹಿಯಾಗುತ್ತದೆ. ರೋಗ ಹತ್ತಿದ ಮರವನ್ನು ವಾಸಿ ಮಾಡುವ ಮದ್ದು ಇನ್ನೂ ಇಲ್ಲ.

ಇದು ಕೊಡಗಿನ ಸಂಕಟ ಮಾತ್ರವಲ್ಲ. ಅಮೆರಿಕದ ಫ್ಲೋರಿಡಾ ಕಿತ್ತಳೆಗೆ ಹೆಸರಾದ ರಾಜ್ಯ. ಅಲ್ಲಿ ಈ ರೋಗ 2005ರಲ್ಲಿ ಕಾಣಿಸಿತು. ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಕಿತ್ತಳೆ ಬೆಳೆ ಹಿಂದಿನ ಹತ್ತರಲ್ಲಿ ಒಂದು ಪಾಲಿಗೂ ಕೆಳಗಿಳಿಯಿತು. ಅಷ್ಟು ಹಣ, ಅಷ್ಟು ವಿಜ್ಞಾನ ಇರುವ ಕಡೆಯೇ ಹೀಗೆ.

ಕೊಡಗಿನಲ್ಲಿ ಇದರ ಜೊತೆಗೆ ಲೆಕ್ಕಾಚಾರವೂ ಸೇರಿತು. ಕಾಫಿಗೆ ಬೆಲೆ ಬಂತು. ಮೆಣಸಿಗೆ ಬೆಲೆ ಬಂತು. ಸತ್ತ ಕಿತ್ತಳೆ ಮರದ ಜಾಗಕ್ಕೆ ಮತ್ತೆ ಕಿತ್ತಳೆ ನೆಡಲು ಬೆಳೆಗಾರರು ಹಿಂಜರಿದರು. ಅವರನ್ನು ದೂರಲಾಗುವುದಿಲ್ಲ. ಕೊಡಗಿನ ಚೆಟ್ಟಳ್ಳಿಯಲ್ಲಿ ಕೇಂದ್ರ ಸರ್ಕಾರದ ತೋಟಗಾರಿಕಾ ಪ್ರಯೋಗ ಕೇಂದ್ರವಿದೆ. ಅಲ್ಲಿ ರೋಗವಿಲ್ಲದ ಸಸಿ ಮಾಡುವ ಕೆಲಸ ಬಹಳ ವರ್ಷಗಳಿಂದ ನಡೆದಿದೆ. ಗಟ್ಟಿಮುಟ್ಟಾದ ಬೇರಿನ ಗಿಡದ ಮೇಲೆ ಕೊಡಗಿನ ಕಿತ್ತಳೆಯ ಕಣ್ಣು ಕೂರಿಸುತ್ತಾರೆ. ಅಂಥ ಸಸಿ ನೆಟ್ಟು, ಮತ್ತೆ ತೋಟ ಎಬ್ಬಿಸಿದವರಿದ್ದಾರೆ. ಅವರ ಹಣ್ಣು ಚಳಿಗಾಲದಲ್ಲಿ ಮೈಸೂರಿನ ದಾರಿಗೆ ಬರುತ್ತದೆ. ನಾವು ಬಣ್ಣ ನೋಡಿ ಬಿಟ್ಟುಬಿಟ್ಟರೆ ಅವರು ಮುಂದಿನ ವರ್ಷ ಯಾವ ಧೈರ್ಯದ ಮೇಲೆ ನೀರು, ಗೊಬ್ಬರ ಹಾಕಬೇಕು?

ಗುಂಡ್ಲುಪೇಟೆಯ ರೈತರು ಕೆಲವರು ಕೇಳುತ್ತಾರೆ, ನಮ್ಮಲ್ಲೇ ಇದನ್ನು ಬೆಳೆಯಬಾರದೇ ಎಂದು. ಎತ್ತರವೇನೋ ಸಾಕಷ್ಟಿದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್. ಆದರೆ ನಾವು ಬೆಟ್ಟಗಳ ಮಳೆ ನೆರಳಿನಲ್ಲಿದ್ದೇವೆ. ಕೊಡಗಿನ ಮಳೆಯ ಮೂರನೇ ಒಂದು ಪಾಲೂ ನಮಗೆ ಬೀಳುವುದಿಲ್ಲ. ಕೊಳವೆ ಬಾವಿ ನಂಬಿ ಎಕರೆಗಟ್ಟಲೆ ಕಿತ್ತಳೆ ಹಾಕಿ ಎಂದು ನಾನು ಹೇಳಲಾರೆ. ನಿಂಬೆ, ಹೇರಳೆ ನಮ್ಮ ಹಿತ್ತಿಲಿಗೆ ಒಗ್ಗಿದ ಗಿಡಗಳು. ಮನೆಯ ಪಾತ್ರೆ ತೊಳೆದ ನೀರಿಗೂ ಬದುಕುತ್ತವೆ. ಹೆಚ್ಚಿನ ವಿಚಾರ ಬೇಕಾದವರು ಚಾಮರಾಜನಗರದ ಹತ್ತಿರ ಹರದನಹಳ್ಳಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಇಲ್ಲಿಯವರೆಗೆ ಹಣ್ಣು ಎಲ್ಲಿಂದ ಬರುತ್ತದೆ, ಯಾವುದನ್ನು ಆರಿಸಬೇಕು, ಕೊಡಗಿನದು ಏಕೆ ಅಪರೂಪ ಎಂದು ಹೇಳಿದೆ. ಇನ್ನು ಕೊಡುವ ಬಗೆ.

ಆಸ್ಪತ್ರೆಗೆ ಹೋಗುವಾಗ ಬ್ರೆಡ್ಡು, ಕಿತ್ತಳೆ, ಮೂಸಂಬಿ ಒಯ್ಯುವುದು ನಮ್ಮಲ್ಲಿ ರೂಢಿ. ಒಳ್ಳೆಯ ರೂಢಿಯೇ. ಕಿತ್ತಳೆಯಲ್ಲಿ ಸಿ ಜೀವಸತ್ವ ಚೆನ್ನಾಗಿದೆ. ದಿನಕ್ಕೆ ಎರಡು ಹಣ್ಣು ತಿಂದರೆ ಆ ದಿನಕ್ಕೆ ಬೇಕಾದದ್ದರಲ್ಲಿ ದೊಡ್ಡ ಪಾಲು ಸಿಕ್ಕಿಬಿಡುತ್ತದೆ. ಆದರೆ ಒಂದು ಮಾತು ಗಮನವಿಟ್ಟು ಕೇಳಿ. ಮೂತ್ರಪಿಂಡದ ಕಾಯಿಲೆ ಇರುವವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಕಿತ್ತಳೆ, ಮೂಸಂಬಿ ತಿನ್ನಬಾರದೆಂದು ಎಷ್ಟೋ ಸಲ ವೈದ್ಯರು ಹೇಳಿರುತ್ತಾರೆ. ಈ ಹಣ್ಣುಗಳಲ್ಲಿ ಪೊಟ್ಯಾಸಿಯಂ ಇದೆ. ಕೆಟ್ಟ ಮೂತ್ರಪಿಂಡ ಅದನ್ನು ಹೊರಗೆ ಹಾಕಲಾರದು. ಅದು ರಕ್ತದಲ್ಲಿ ಏರಿದರೆ ಹೃದಯಕ್ಕೆ ಅಪಾಯ. ಆದ್ದರಿಂದ ಹೋಗುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ. ಕೇಳುವುದರಲ್ಲಿ ಸಂಕೋಚವಿಲ್ಲ. ಸಕ್ಕರೆ ಕಾಯಿಲೆಯವರಿಗೆ ರಸ ಹಿಂಡಿ ಕೊಡಬೇಡಿ. ವೈದ್ಯರು ಒಪ್ಪಿದ್ದರೆ ಹಣ್ಣನ್ನು ತೊಳೆಯಾಗಿಯೇ ತಿನ್ನಲಿ. ನಾರು ಜೊತೆಗಿದ್ದರೆ ಸಕ್ಕರೆ ರಕ್ತಕ್ಕೆ ನಿಧಾನವಾಗಿ ಸೇರುತ್ತದೆ.

ಬಾಣಂತಿಗೆ ಕಿತ್ತಳೆ ಕೊಟ್ಟರೆ ಶೀತ ಎನ್ನುವ ಅಜ್ಜಿಯರು ಪ್ರತಿ ಮನೆಯಲ್ಲೂ ಇದ್ದಾರೆ. ಹಣ್ಣಿನಿಂದ ನೆಗಡಿ ಬರುವುದಿಲ್ಲ. ನೆಗಡಿ ತರುವುದು ವೈರಸ್. ಆದರೂ ಮಗು ನೋಡಲು ಹೋದ ದಿನ ಅಜ್ಜಿಯೊಡನೆ ವಾದಕ್ಕೆ ನಿಲ್ಲಬೇಡಿ. ಹಣ್ಣನ್ನು ಅಜ್ಜಿಯ ಕೈಗೇ ಕೊಡಿ. “ಅವ್ವಾ, ನಿಮಗೂ ಮಕ್ಕಳಿಗೂ ತಂದಿದೀನಿ” ಎನ್ನಿ. ಅದು ಹೇಗೋ ಬಾಣಂತಿಯ ಬಾಯಿಗೂ ಸೇರುತ್ತದೆ.

ಸಮಾರಂಭದ ಮನೆಯಲ್ಲಿ ಇನ್ನೊಂದು ಎಚ್ಚರ. ಲಾಡು, ಹೋಳಿಗೆ ತಿಂದ ಬಾಯಿಗೆ ಕಿತ್ತಳೆ ಹುಳಿಯಾಗಿ ಕಾಣುತ್ತದೆ. ಎಷ್ಟೇ ಒಳ್ಳೆಯ ಹಣ್ಣಾದರೂ ಅಷ್ಟೇ. ಹಣ್ಣು ಕೊಡುವುದಾದರೆ ಸಿಹಿತಿಂಡಿಗೆ ಮೊದಲೇ ಕೊಡಿ, ಇಲ್ಲವೇ ಕಟ್ಟಿ ಕೈಗೆ ಕೊಟ್ಟು ಕಳಿಸಿ. ಫ್ರಿಜ್ಜಿನಿಂದ ತೆಗೆದ ಕೂಡಲೇ ಕೊಡಬೇಡಿ. ತಣ್ಣಗಿನ ಹಣ್ಣಿನ ಸಿಹಿ ನಾಲಿಗೆಗೆ ಪೂರ್ತಿ ಗೊತ್ತಾಗುವುದಿಲ್ಲ. ಪುಷ್ಯದ ಬೆಳಗಿನಲ್ಲಿ ಸ್ವಲ್ಪ ಹೊತ್ತು ಜಗಲಿಯ ಬಿಸಿಲಿನಲ್ಲಿಟ್ಟು ಆಮೇಲೆ ಸುಲಿಯಿರಿ. ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಕಟ್ಟಿಕೊಡುವಾಗ ಪ್ಲಾಸ್ಟಿಕ್ ಚೀಲದ ಬಾಯಿ ಬಿಗಿಯಬೇಡಿ. ಒಳಗೆ ಬೆವರಿ ಬೂಷ್ಟು ಹಿಡಿಯುತ್ತದೆ. ಹಸಿರು ಪುಡಿಯಂತೆ ಕಾಣುವ ಆ ಬೂಷ್ಟು ಒಂದು ಹಣ್ಣಿನಿಂದ ಪಕ್ಕದ ಹಣ್ಣಿಗೆ ಬೇಗ ಹತ್ತುತ್ತದೆ. ಕಾಗದದಲ್ಲಿ ಸುತ್ತಿ ಬಟ್ಟೆಯ ಚೀಲದಲ್ಲಿ ಹಾಕಿ. ಬುಟ್ಟಿಯಿದ್ದರೆ ಇನ್ನೂ ಒಳ್ಳೆಯದು. ಮತ್ತೊಂದು ಮಾತು. ಹನ್ನೆರಡು ಸಾಧಾರಣ ಹಣ್ಣಿಗಿಂತ ನಾಲ್ಕು ಒಳ್ಳೆಯ ಹಣ್ಣು ಮೇಲು. ಎಲ್ಲರೂ ಕೂತಿರುವಾಗ ಸುಲಿದು ತೊಳೆ ಹಂಚಿ. ಕಿತ್ತಳೆಯನ್ನು ಹಂಚುವುದಕ್ಕೆ ಚಾಕು ಬೇಡ, ತಟ್ಟೆ ಬೇಡ. ಒಂದು ಹಣ್ಣಿನಲ್ಲಿ ಸುಮಾರು ಹತ್ತು ತೊಳೆ ಇರುತ್ತವೆ. ಹತ್ತು ಜನರ ಮನೆಯಲ್ಲಿ ಒಬ್ಬರಿಗೂ ಇಲ್ಲ ಎನ್ನುವ ಹಾಗಿಲ್ಲ.

ಹಣ್ಣು ಆರಿಸಿದ್ದಾಯಿತು, ಕೊಟ್ಟಿದ್ದಾಯಿತು, ಹಂಚಿ ತಿಂದದ್ದಾಯಿತು. ಉಳಿದದ್ದು ಸಿಪ್ಪೆ. ಅದನ್ನು ಬಿಸಾಡಬೇಡಿ. ಮೈಸೂರು ಸೀಮೆಯ ಅಡುಗೆಮನೆಯಲ್ಲಿ ಅದಕ್ಕೊಂದು ಒಳ್ಳೆಯ ಗೊಜ್ಜು ಇದೆ. ಕಾಗದ ಪೆನ್ನು ಇದ್ದರೆ ಬರೆದುಕೊಳ್ಳಿ. ಬಹಳ ಇಲ್ಲ.

ಎರಡು ಹಣ್ಣಿನ ಸಿಪ್ಪೆ ಸಾಕು. ಕೊಡಗಿನ ಹಣ್ಣಿನದಾದರೆ ಉತ್ತಮ. ಮೇಣ ಸವರಿ ಮಿಂಚುವ ಹಣ್ಣಿನ ಸಿಪ್ಪೆ ಈ ಕೆಲಸಕ್ಕೆ ಬೇಡ. ಚೆನ್ನಾಗಿ ತೊಳೆದು, ಒಳಗಿನ ಬಿಳಿಯ ನಾರನ್ನು ಚಮಚದಿಂದ ಕೆರೆದು ತೆಗೆಯಿರಿ. ಕಹಿ ಹೆಚ್ಚಾಗಿ ಅದರಲ್ಲಿರುತ್ತದೆ. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಒಮ್ಮೆ ಬಿಸಿನೀರಿನಲ್ಲಿ ಕುದಿಸಿ, ನೀರು ಬಸಿಯಿರಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ. ಸಾಸಿವೆ, ಇಂಗು, ಕರಿಬೇವು ಹಾಕಿ. ಸಿಪ್ಪೆ ಹಾಕಿ ಬಾಡಿಸಿ. ನಿಂಬೆಗಾತ್ರದ ಹುಣಸೆಹಣ್ಣಿನ ರಸ ಹೊಯ್ಯಿರಿ. ಉಪ್ಪು, ಎರಡು ಚಮಚ ಸಾರಿನ ಪುಡಿ ಹಾಕಿ. ಬೆಲ್ಲವನ್ನು ಸ್ವಲ್ಪ ಧಾರಾಳವಾಗಿಯೇ ಹಾಕಿ. ಸಣ್ಣ ಉರಿಯಲ್ಲಿ ಗಟ್ಟಿಯಾಗುವವರೆಗೆ ಕುದಿಯಲಿ. ಎಣ್ಣೆ ಅಂಚಿಗೆ ಬಿಟ್ಟುಕೊಂಡಾಗ ಇಳಿಸಿ. ಮೊದಲ ದಿನಕ್ಕಿಂತ ಎರಡನೆಯ ದಿನ ರುಚಿ. ಬಿಸಿ ಅನ್ನಕ್ಕೂ ಆಗುತ್ತದೆ, ದೋಸೆಗೂ ಆಗುತ್ತದೆ. ಒಂದು ಸಣ್ಣ ಭರಣಿಯಲ್ಲಿ ತುಂಬಿ, ಹಣ್ಣು ತಂದುಕೊಟ್ಟವರ ಮನೆಗೂ ಕಳಿಸಬಹುದು.